ಬೆಟ್ಟ ಹುಟ್ಟಿದ್ದೇ ಬಾಗಿಯೋ, ಆಮೇಲೆ ಬಾಗಿತೋ?



ಭೂಪಟ ಬಿಡಿಸಿ ನೋಡಿದರೆ ಜಗತ್ತಿನ ದೊಡ್ಡ ಪರ್ವತಸಾಲುಗಳಲ್ಲಿ ನೆಟ್ಟಗಿರುವವು ಕಡಿಮೆ. ನಮ್ಮ ಹಿಮಾಲಯವೇ ಬಿಲ್ಲಿನಂತಿದೆ. ಅದಕ್ಕಿಂತ ಸೋಜಿಗದ ಬಾಗು ಉತ್ತರ ಸ್ಪೇನಿನ ಕಂಟಾಬ್ರಿಯಾ ಪರ್ವತಗಳದು. ಅಲ್ಲಿನ ಹಳೆಯ ಕಲ್ಲುಪದರಗಳು ಪೂರ್ವಕ್ಕೆ ಬಾಯಿ ಮಾಡಿದ ಕುದುರೆ ಲಾಳದಂತೆ ಸುಮಾರು 180 ಡಿಗ್ರಿ ತಿರುಗಿವೆ.

ಈ ಬಾಗು ಹುಟ್ಟಿನಿಂದ ಬಂದದ್ದೋ, ನೆಟ್ಟಗಿದ್ದ ಸಾಲು ಆಮೇಲೆ ಬಾಗಿದ್ದೋ? ಸಣ್ಣ ಪ್ರಶ್ನೆಯಲ್ಲ. ಆಮೇಲೆ ಬಾಗಿದ್ದಾದರೆ ಸುತ್ತಲಿನ ನೆಲವೇ ನೂರಾರು ಕಿಲೋಮೀಟರ್ ಸರಿದಿರಬೇಕು, ಆ ಕಾಲದ ಖಂಡಗಳ ನಕ್ಷೆಯನ್ನೇ ಬೇರೆ ಬರೆಯಬೇಕು. ಹೀಗೆ ಬಾಗಿದ ಸಾಲಿಗೆ 1955ರಲ್ಲಿ ಟಾಸ್ಮೇನಿಯಾದ ಭೂವಿಜ್ಞಾನಿ ವಾರೆನ್ ಕ್ಯಾರಿ ‘ಓರೋಕ್ಲೈನ್’ ಎಂದು ಹೆಸರಿಟ್ಟರು. ಖಂಡಗಳು ಚಲಿಸುತ್ತವೆ ಎಂಬುದನ್ನೇ ಆಗ ಹೆಚ್ಚಿನ ಪಂಡಿತರು ಒಪ್ಪಿರಲಿಲ್ಲ. ಕ್ಯಾರಿಯವರದು ಗಟ್ಟಿ ಎದೆ ಎನ್ನಬೇಕು.

ಅರಿವೆ ವ್ಯಾಪಾರಿಯಾದ ನನಗೆ ಈ ವಿಷಯ ತಿಳಿದದ್ದು ಬಟ್ಟೆಯ ಮೂಲಕವೇ. ದರ್ಜಿ ಕೊರಳಪಟ್ಟಿಯನ್ನು ಥಾನಿನಿಂದ ದುಂಡಗೆ ಕತ್ತರಿಸಿದರೆ, ಪಟ್ಟಿ ಬಾಗಿದ್ದರೂ ಹಾಸಿನ ಎಳೆಗಳೆಲ್ಲ ಒಂದೇ ದಿಕ್ಕಿಗಿರುತ್ತವೆ. ನೇರ ಪಟ್ಟಿಯನ್ನು ಬಾಗಿಸಿ ಹೊಲಿದರೆ ಎಳೆಗಳೂ ಅದರೊಡನೆ ತಿರುಗುತ್ತವೆ. ಒಳ ಅಂಚು ನೆರಿಗೆಗಟ್ಟುತ್ತದೆ, ಹೊರ ಅಂಚು ಜಗ್ಗುತ್ತದೆ.

ಕಲ್ಲಿಗೆ ಎಳೆ ಎಲ್ಲಿಯದು? ಕಲ್ಲು ರೂಪುಗೊಳ್ಳುವಾಗ ಅದರೊಳಗಿನ ಮ್ಯಾಗ್ನೆಟೈಟ್‌ನಂಥ ಕಬ್ಬಿಣದ ಖನಿಜದ ಕಣಗಳು ಆ ಹೊತ್ತಿನ ಭೂಮಿಯ ಕಾಂತದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ವಿಜ್ಞಾನಿಗಳು ಬೆಟ್ಟದಲ್ಲಿ ಸುಮಾರು 2.5 ಸೆಂಟಿಮೀಟರ್ ದಪ್ಪದ ಕಲ್ಲಿನ ತುಂಡು ಕೊರೆದು, ದಿಕ್ಸೂಚಿ ಇಟ್ಟು ಗುರುತು ಮಾಡಿ ತರುತ್ತಾರೆ. ಪ್ರಯೋಗಾಲಯದಲ್ಲಿ ಹಂತ ಹಂತವಾಗಿ ಕಾಯಿಸಿದರೆ ಮೇಲಿಂದ ಮೇಲೆ ಅಂಟಿದ ಸಡಿಲ ಕಾಂತತ್ವ ಮೊದಲು ಕಳಚುತ್ತದೆ, ಗಟ್ಟಿಯಾದದ್ದು ಉಳಿಯುತ್ತದೆ. 580 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮ್ಯಾಗ್ನೆಟೈಟ್ ಎಲ್ಲವನ್ನೂ ಮರೆತುಬಿಡುತ್ತದೆ.

ತೊಡಕೂ ಉಂಟು. ಕಲ್ಲಿನಲ್ಲಿ ಹಳೆಯ ಮುದ್ರೆಯ ಮೇಲೆ ಎಷ್ಟೋ ಕಾಲದ ಮೇಲೆ ಹೊಸ ಮುದ್ರೆ ಬೀಳಬಹುದು. ಕಂಟಾಬ್ರಿಯಾದ ಸುಣ್ಣಕಲ್ಲುಗಳಲ್ಲಿ ಹಾಗೇ ಆಗಿದೆ. ಮಿಷಿಗನ್ ವಿಶ್ವವಿದ್ಯಾಲಯದ ರಾಬ್ ವ್ಯಾನ್ ಡರ್ ವೂ, ಆರ್ಲೋ ವೀಲ್ ಮತ್ತು ಸಂಗಡಿಗರು ಇದನ್ನೇ ಲಾಭ ಮಾಡಿಕೊಂಡರು. ಬಾಗುವ ಮೊದಲಿನ ಮುದ್ರೆ ಸಾಲಿನೊಡನೆ ತಿರುಗಿರುತ್ತದೆ, ಬಾಗಿದ ನಂತರದ್ದು ತಿರುಗಿರುವುದಿಲ್ಲ. ನೋಡಿದರೆ ಹಳೆಯ ಮುದ್ರೆಗಳು ತಿರುಗಿಯೇ ಇದ್ದವು! ಕಲ್ಲಿನ ಬಿರುಕುಗಳ ಸಾಕ್ಷಿಯೂ ಅದೇ: ಹಳೆಯ ಪದರಗಳ ಬಿರುಕು ಪೂರಾ ತಿರುಗಿವೆ, ನಡುಗಾಲದವು ಅರೆಬರೆ, ಪರ್ಮಿಯನ್ ಯುಗದವು ತಿರುಗಿಯೇ ಇಲ್ಲ.

ಹಾಗಾಗಿ ಉತ್ತರ ದಕ್ಷಿಣವಾಗಿ ಹೆಚ್ಚುಕಡಿಮೆ ನೆಟ್ಟಗಿದ್ದ ಸಾಲು ಸುಮಾರು 31 ಕೋಟಿ ವರ್ಷದ ಹಿಂದೆ ಬಾಗತೊಡಗಿ 29.5 ಕೋಟಿ ವರ್ಷದ ಹಿಂದಿನ ಹೊತ್ತಿಗೆ ಲಾಳವಾಯಿತು ಎಂದು ಲೆಕ್ಕ ಹಾಕಿದ್ದಾರೆ. ಒಂದೂವರೆ ಕೋಟಿ ವರ್ಷ ಭೂಮಿಯ ಲೆಕ್ಕದಲ್ಲಿ ದೊಡ್ಡ ಅವಧಿಯೇನಲ್ಲ.

ಬಾಗಿದ್ದು ಮೇಲಿನ ಪದರವಷ್ಟೇ ಅಲ್ಲ, ಭೂಫಲಕವೇ ಬುಡಸಹಿತ ಬಾಗಿತು ಎಂಬುದು ಸ್ಪೇನಿನ ಗೇಬ್ರಿಯಲ್ ಗುಟಿಯೆರೆಜ್ ಅಲೊನ್ಸೊ ಮತ್ತು ಸಂಗಡಿಗರ ವಾದ. ಒಳಮಗ್ಗುಲಿನ ತಳ ನೆರಿಗೆಗಟ್ಟಿ ದಪ್ಪವಾಗಿ, ಭಾರಕ್ಕೆ ಕಳಚಿ ಮುಳುಗಿತಂತೆ. ಆ ಜಾಗಕ್ಕೆ ಆಳದ ಕಾದ ದ್ರವ್ಯ ಏರಿತಂತೆ. ಆ ಕಾಲದ ಗ್ರಾನೈಟ್ ಅಲ್ಲಿ ಸಿಗುತ್ತದೆ. ಇಷ್ಟು ಬಾಗಿಸಿದ ಬಲ ಎಲ್ಲಿಂದ ಬಂತೆಂಬುದರಲ್ಲಿ ಮಾತ್ರ ಅವರವರಲ್ಲೇ ಇನ್ನೂ ಜಗ್ಗಾಟ ನಡೆದಿದೆ.