ಪರದೆಯ ಬೆಡಗು, ಆಟದ ಓಟ

ಪಿಯುಸಿ ಪರೀಕ್ಷೆ ಮುಗಿದ ಮಾರನೆಯ ದಿನ. ಮೈಸೂರಿನ ಕುವೆಂಪುನಗರದ ಒಂದು ಮನೆ ಎಂದಿಟ್ಟುಕೊಳ್ಳಿ. ಅಪ್ಪ ಕಚೇರಿಯಿಂದ ಬರುವುದನ್ನೇ ಮಗ ಕಾಯುತ್ತಿದ್ದಾನೆ.

"ಅಪ್ಪಾ, ಕಂಪ್ಯೂಟರ್‌ನಲ್ಲಿ ಆಟ ಆಡೋಕೇ ಆಗಲ್ಲ, ತಡವರಿಸುತ್ತೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸಲೇಬೇಕು."

"ಎಷ್ಟಾಗುತ್ತಪ್ಪಾ?"

"ಇಪ್ಪತ್ತು ಸಾವಿರದ ಹತ್ತಿರ..."

ಅಪ್ಪ ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಡುತ್ತಾರೆ. ಮುಂದೆ ಕಾಲೇಜಿನ ಶುಲ್ಕ ಕಟ್ಟುವುದಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ದನಿ: "ಆ ಕಿಟಕಿ ಜಾರೋದು, ಗಾಜಿನ ಥರ ಹೊಳೆಯೋದು, ಅವನ್ನೆಲ್ಲ ತೆಗೆದುಬಿಟ್ಟರೆ ಸರಿಹೋಗುತ್ತೆ ಅಂತ ಪಕ್ಕದ ಮನೆ ಹುಡುಗ ಹೇಳ್ತಿದ್ದ ಕಣೋ. ಮೊದಲು ಅದನ್ನ ನೋಡು."

ಪಕ್ಕದ ಮನೆಯ ಹುಡುಗ ಹೇಳಿದ್ದು ನಿಜವೇ? ಪರದೆಯ ಬೆಡಗು ಆಟದ ವೇಗವನ್ನು ಕದಿಯುತ್ತದೆಯೇ? ಒಂದು ಕಾಲಕ್ಕೆ ಇದು ನಿಜವೇ ಆಗಿತ್ತು. ಈಗ ಅಷ್ಟು ನಿಜವಲ್ಲ. ಏಕೆಂದು ತಿಳಿದುಕೊಂಡರೆ ಮನೆಯ ಹಣವೂ ಉಳಿದೀತು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಪ್ರತಿಯೊಂದು ತಂತ್ರಾಂಶವೂ ತನ್ನ ಕಿಟಕಿಯನ್ನು ನೇರವಾಗಿ ಪರದೆಯ ಮೇಲೇ ಬರೆಯುತ್ತಿತ್ತು. 2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗ ಈ ಪದ್ಧತಿ ಬದಲಾಯಿತು. ಅದಕ್ಕೆ ಒಂದು ವರ್ಷ ಮೊದಲೇ, 2006ರಲ್ಲಿ, ಲಿನಕ್ಸ್ ಬಳಕೆದಾರರ ಕೈಗೆ ಕಂಪಿಜ್ ಎಂಬ ತಂತ್ರಾಂಶ ಬಂದಿತ್ತು. ಅದರಲ್ಲಿ ಕಿಟಕಿಗಳು ಜೆಲ್ಲಿಯಂತೆ ಅಲುಗಾಡುತ್ತಿದ್ದವು, ಇಡೀ ಪರದೆಯೇ ಘನಾಕಾರದ ಪೆಟ್ಟಿಗೆಯಂತೆ ತಿರುಗುತ್ತಿತ್ತು.

ಹೊಸ ಪದ್ಧತಿ ಯಾವುದು? ಮೈಸೂರಿನವರಿಗೆ ದಸರೆಯ ಉದಾಹರಣೆ ಕೊಟ್ಟರೆ ಸುಲಭ. ಜಂಬೂ ಸವಾರಿಯ ಸ್ತಬ್ಧಚಿತ್ರಗಳು ಮೆರವಣಿಗೆಯ ದಾರಿಯಲ್ಲೇ ತಯಾರಾಗುವುದಿಲ್ಲ. ಬೇರೆಡೆ ಸಿದ್ಧವಾಗಿ ಬಂದು ಸಾಲಿನಲ್ಲಿ ನಿಲ್ಲುತ್ತವೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಹೊಂದಿಸಿ ಕಳುಹಿಸುವವರು ಬೇರೆಯೇ ಇರುತ್ತಾರೆ. ಹಾಗೆಯೇ ಈಗಿನ ಕಂಪ್ಯೂಟರ್‌ನಲ್ಲಿ ಪ್ರತಿ ಕಿಟಕಿಯ ಚಿತ್ರವೂ ಸ್ಮೃತಿಯಲ್ಲಿ ಪ್ರತ್ಯೇಕವಾಗಿ ಸಿದ್ಧವಾಗುತ್ತದೆ. ಕಾಂಪೊಸಿಟರ್ ಎಂಬ ತಂತ್ರಾಂಶ ಅವುಗಳನ್ನೆಲ್ಲ ಜೋಡಿಸಿ, ನೆರಳು, ಪಾರದರ್ಶಕತೆ ಸೇರಿಸಿ ಪರದೆಗೆ ಕಳುಹಿಸುತ್ತದೆ.

ಈ ಜೋಡಣೆಗೆ ತಗಲುವ ಖರ್ಚೆಷ್ಟು? ಲೆಕ್ಕ ಹಾಕುವುದು ಕಷ್ಟವಲ್ಲ, ಹೈಸ್ಕೂಲಿನ ಗುಣಾಕಾರ ಸಾಕು. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಒಟ್ಟು 20,73,600. ಚುಕ್ಕೆಗೆ 4 ಬೈಟ್‌ನಂತೆ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ ಬೈಟ್. ಸೆಕೆಂಡಿಗೆ 60 ಚಿತ್ರವೆಂದರೆ ಸುಮಾರು 50 ಕೋಟಿ ಬೈಟ್. ಒಮ್ಮೆ ಓದಿ ಒಮ್ಮೆ ಬರೆಯಬೇಕಾದ್ದರಿಂದ ಅದರ ಇಮ್ಮಡಿ, 100 ಕೋಟಿ.

ಕೇಳಲು ದೊಡ್ಡ ಸಂಖ್ಯೆ. ಆದರೆ ಡಿಡಿಆರ್4-2400 ಜಾತಿಯ ಒಂದೇ ಒಂದು ಸ್ಮೃತಿಪಟ್ಟಿ, ಅಂದರೆ ರ‍್ಯಾಮ್, ಕಾಗದದ ಮೇಲಿನ ಲೆಕ್ಕದಲ್ಲಿ ಸೆಕೆಂಡಿಗೆ 1,920 ಕೋಟಿ ಬೈಟ್ ಸಾಗಿಸಬಲ್ಲದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಆಟವೂ ಜೋಡಣೆಯೂ ಇದನ್ನೇ ಹಂಚಿಕೊಳ್ಳಬೇಕು. ಆಗ ಜೋಡಣೆಗೆ ಹೋಗುವುದು ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಜಿಟಿಎಕ್ಸ್ 1650ರಂಥ ಸಾಧಾರಣ ಕಾರ್ಡಿನ ಸ್ಮೃತಿಯ ವೇಗ ಸೆಕೆಂಡಿಗೆ 12,800 ಕೋಟಿ ಬೈಟ್. ಅಲ್ಲಿ ಈ ಖರ್ಚು ನೂರಕ್ಕೆ ಒಂದು ಪಾಲೂ ಇಲ್ಲ. ಸೆಕೆಂಡಿಗೆ 40 ಚಿತ್ರ ಬರುತ್ತಿದ್ದ ಬಡ ಯಂತ್ರದಲ್ಲಿ 42 ಬಂದೀತು. ಶ್ರೀಮಂತ ಯಂತ್ರದಲ್ಲಿ ವ್ಯತ್ಯಾಸವೇ ಕಾಣದು.

ಅದೂ ಆಟ ಒಂದು ಕಿಟಕಿಯೊಳಗೆ ನಡೆಯುತ್ತಿದ್ದರೆ ಮಾತ್ರ. ಅಂಬಾರಿ ಹೊತ್ತ ಆನೆ ಬರುವಾಗ ದಾರಿ ಪೂರ್ತಿ ಅದಕ್ಕೇ ಬಿಟ್ಟಿರುತ್ತದೆ. ಹಾಗೆಯೇ ಆಟ ಇಡೀ ಪರದೆಯನ್ನು ತುಂಬಿದಾಗ ಕಾಂಪೊಸಿಟರ್ ಪಕ್ಕಕ್ಕೆ ಸರಿದು, ಆಟದ ಚಿತ್ರ ನೇರವಾಗಿ ಪರದೆಗೆ ಹೋಗುವ ವ್ಯವಸ್ಥೆ ಇದೆ. ಜಾರುವ ಕಿಟಕಿ, ಅರಳುವ ಪಟ್ಟಿಗಳಂತೂ ಆ ಹೊತ್ತಿನಲ್ಲಿ ಚಲಿಸುತ್ತಲೇ ಇರುವುದಿಲ್ಲ. ಚಲಿಸದ ಬೆಡಗಿಗೆ ಖರ್ಚೆಲ್ಲಿಯದು?

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ವಿಸ್ಟಾ ಕಾಲದ ಅನುಭವದಿಂದ. ಆ ವ್ಯವಸ್ಥೆ ಪ್ರತಿ ಕಿಟಕಿಯ ಚಿತ್ರವನ್ನು ಎರಡೆರಡು ಕಡೆ ಇಟ್ಟುಕೊಳ್ಳುತ್ತಿತ್ತು. ಆಗ ಸ್ಮೃತಿ ದುಬಾರಿ. ಅನೇಕ ಮನೆಗಳ ಯಂತ್ರಗಳಲ್ಲಿ ಅದು ಸಾಲುತ್ತಲೇ ಇರಲಿಲ್ಲ. 2009ರಲ್ಲಿ ಬಂದ ವಿಂಡೋಸ್ 7 ಎರಡನೆಯ ಪ್ರತಿಯನ್ನು ಕೈಬಿಟ್ಟು ಭಾರ ಇಳಿಸಿತು. ಈ ಎರಡರಲ್ಲೂ ಬೇಡವೆನಿಸಿದರೆ ಜೋಡಣೆಯನ್ನೇ ಆರಿಸಿಬಿಡಬಹುದಾಗಿತ್ತು. 2012ರ ವಿಂಡೋಸ್ 8ರಿಂದ ಆ ಅವಕಾಶ ಇಲ್ಲ. ಈಗ ಪಾರದರ್ಶಕತೆ, ಚಲನೆಗಳನ್ನು ತೆಗೆದರೂ ಜೋಡಣೆ ನಡೆಯುತ್ತಲೇ ಇರುತ್ತದೆ. ಹಳೆಯ ಸಲಹೆ ಬಾಯಿಂದ ಬಾಯಿಗೆ ಉಳಿದುಕೊಂಡಿತು. ಅದರ ಕೆಳಗಿದ್ದ ಯಂತ್ರ ಬದಲಾಯಿತು.

ಈ ಸಲಹೆಯನ್ನು ಪಾಲಿಸುವ ಕನ್ನಡಿಗರು ಒಂದು ಎಚ್ಚರ ವಹಿಸಬೇಕು. ವಿಂಡೋಸ್‌ನಲ್ಲಿ 'ಅಡ್ಜಸ್ಟ್ ಫಾರ್ ಬೆಸ್ಟ್ ಪರ್ಫಾರ್ಮೆನ್ಸ್' ಎಂಬುದನ್ನು ಒತ್ತಿದರೆ ಅಕ್ಷರಗಳ ಅಂಚನ್ನು ನಯಗೊಳಿಸುವ ಸೌಲಭ್ಯವೂ ಹೋಗುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಹೇಗೋ ಓದಬಹುದು. ಒತ್ತು, ಕೊಂಬು, ದೀರ್ಘಗಳಿರುವ ಕನ್ನಡದ ಅಕ್ಷರಗಳು ಹರಿದ ಅಂಚಿನಿಂದ ಕಣ್ಣಿಗೆ ಚುಚ್ಚುತ್ತವೆ. ಅದೊಂದನ್ನು ಮತ್ತೆ ಗುರುತು ಹಾಕಿ ಇಟ್ಟುಕೊಳ್ಳುವುದು ಒಳ್ಳೆಯದು.

ಆಟ ತಡವರಿಸಲು ನಿಜವಾದ ಕಾರಣಗಳು ಬೇರೆ ಇರುತ್ತವೆ. ಹಿನ್ನೆಲೆಯಲ್ಲಿ ತೆರೆದಿಟ್ಟ ಇಪ್ಪತ್ತು ಜಾಲಪುಟಗಳು ಒಂದು. ಸದ್ದಿಲ್ಲದೆ ಇಳಿಯುತ್ತಿರುವ ಹೊಸ ಆವೃತ್ತಿ ಇನ್ನೊಂದು. ಲ್ಯಾಪ್‌ಟಾಪ್ ಆದರೆ ವಿದ್ಯುತ್ ಉಳಿಸುವ ಸ್ಥಿತಿಯಲ್ಲಿ ಓಡುತ್ತಿರಬಹುದು. ಬಿಸಿಲನ್ನೂ ಮರೆಯಬಾರದು. ಏಪ್ರಿಲ್ ಮಧ್ಯಾಹ್ನ ತಂಪಿನ ಊರಾದ ಮೈಸೂರಿನಲ್ಲೂ ಉಷ್ಣಾಂಶ 34-35 ಡಿಗ್ರಿ ಮುಟ್ಟುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಿದರೆ, ಧೂಳು ತುಂಬಿದ ಫ್ಯಾನನ್ನು ವರ್ಷಗಟ್ಟಲೆ ಒರೆಸದೆ ಬಿಟ್ಟರೆ, ಒಳಗಿನ ಸಂಸ್ಕಾರಕ 100 ಡಿಗ್ರಿಯ ಆಸುಪಾಸಿಗೆ ಬಂದು ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಟ ಶುರುವಾದಾಗ ಚೆನ್ನಾಗಿದ್ದು, ಹತ್ತು ಹದಿನೈದು ನಿಮಿಷದ ನಂತರ ಕುಂಟಲು ತೊಡಗಿದರೆ ಮೊದಲ ಅನುಮಾನ ಬಿಸಿಯ ಮೇಲೆ ಹೋಗಬೇಕು.

ಇನ್ನೊಂದು ಉಪಾಯವಿದೆ. ಒಂದೇ ಸ್ಮೃತಿಪಟ್ಟಿ ಇರುವ ಯಂತ್ರಕ್ಕೆ ಅದೇ ಜಾತಿಯ ಮತ್ತೊಂದನ್ನು ಸರಿಯಾದ ಜಾಗದಲ್ಲಿ ಕೂಡಿಸಿದರೆ, ಒಳಗಿನ ರಸ್ತೆ ಎರಡು ಪಥದ್ದಾಗುತ್ತದೆ. ಮೇಲಿನ 1,920 ಕೋಟಿ 3,840 ಕೋಟಿಯಾಗುತ್ತದೆ. ಬೇರೆ ಕಾರ್ಡ್ ಇಲ್ಲದ ಯಂತ್ರಕ್ಕೆ ಬೆಡಗನ್ನೆಲ್ಲ ತೆಗೆದು ಸಿಗುವುದಕ್ಕಿಂತ ಹೆಚ್ಚಿನ ಲಾಭ ಇದರಿಂದ ಸಿಗಬಹುದು.

ಯಂತ್ರ ತೀರ ಹಳೆಯದಾಗಿದ್ದರೆ ಮಾತು ಬೇರೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರಗಳಿಗೆ ಲಿನಕ್ಸ್‌ನ ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಮುಂತಾದ ಹಗುರ ಪರದೆಗಳು ಒಗ್ಗುತ್ತವೆ. ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸನ್ನೇ ಬಳಸುವುದರಿಂದ ಕಾಸರಗೋಡಿನ ಕನ್ನಡ ಮಕ್ಕಳಿಗೆ ಇದು ಹೊಸತೇನಲ್ಲ. ಅಂಥ ಯಂತ್ರದಲ್ಲಿ ಬೆಡಗು ಕಡಿಮೆ ಮಾಡುವುದರಿಂದ ನಿತ್ಯದ ಓದು ಬರಹವಾದರೂ ಚುರುಕಾಗುತ್ತದೆ.

ಕೊನೆಗೆ ತೀರ್ಪು ಕೊಡಬೇಕಾದ್ದು ಪಕ್ಕದ ಮನೆಯ ಹುಡುಗನೂ ಅಲ್ಲ, ಅಂಗಡಿಯವರೂ ಅಲ್ಲ, ಅಳತೆ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕಲಿತದ್ದನ್ನೇ ಇಲ್ಲಿ ಮಾಡಬಹುದು. ಆಟದ ಒಂದೇ ಭಾಗವನ್ನು ಮೂರು ಸಲ ಆಡಿ, ಸೆಕೆಂಡಿಗೆ ಎಷ್ಟು ಚಿತ್ರ ಬಂತು ಎಂಬುದರ ಸರಾಸರಿಯನ್ನೂ ಅತಿ ಕಡಿಮೆ ಅಂಕಿಯನ್ನೂ ಬರೆದಿಡುವುದು. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿ ಮತ್ತೆ ಮೂರು ಸಲ. ಬೆಡಗು ತೆಗೆದು ಒಮ್ಮೆ, ಜಾಲಪುಟ ಮುಚ್ಚಿ ಒಮ್ಮೆ, ಧೂಳು ಒರೆಸಿ ಒಮ್ಮೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲ ಯಾವುದರದೆಂದು ತಿಳಿಯುವುದಿಲ್ಲ.

ಕುವೆಂಪುನಗರದ ಆ ಹುಡುಗ ಇಷ್ಟು ಮಾಡಿ, ನೋಟ್‌ಬುಕ್ಕಿನ ಒಂದು ಹಾಳೆ ಹಿಡಿದು ಅಪ್ಪನ ಮುಂದೆ ನಿಂತರೆ ಮಾತಿನ ಧಾಟಿಯೇ ಬದಲಾಗುತ್ತದೆ. ಕಾರ್ಡ್ ಬೇಕೇ ಬೇಕೆಂದು ಹಾಳೆ ಹೇಳಿದರೆ, ಕೊಡಿಸುವುದೋ ಮುಂದಿನ ವರ್ಷಕ್ಕೆ ಇಡುವುದೋ ಎಂದು ಅಪ್ಪ ಯೋಚಿಸಬಹುದು. ಒಂದು ಒರೆಸುವ ಬಟ್ಟೆ ಸಾಕೆಂದು ಹೇಳಿದರೆ ಇಪ್ಪತ್ತು ಸಾವಿರ ಕಾಲೇಜಿಗೆ ಉಳಿಯಿತು. ಎರಡರಲ್ಲಿ ಯಾವುದಾದರೂ, ರಜೆಯಲ್ಲಿ ಹುಡುಗ ಒಂದು ಪಾಠ ಕಲಿತಂತಾಯಿತು.