ಪ್ಯಾಕೇಜ್ ಜೊತೆ ಇದನ್ನೂ ಕೇಳೋಣ

ಯಾದವಗಿರಿಯ ಆಕಾಶವಾಣಿ ಹತ್ತಿರ ನಮ್ಮ ಸೀನಿಯರ್ ಅಕ್ಕನ ಮನೆ. ಮೊನ್ನೆ ಪಾಪು ನೋಡೋಕೆ ಹೋದಾಗ ಅಕ್ಕ ಇನ್ನೂ ಆಫೀಸಲ್ಲಿದ್ರು. ಸಂಜೆ ಅವರ ಸ್ಕೂಟರ್ ಸದ್ದು ಕೇಳಿದ್ದೇ ತಡ, ಅಜ್ಜಿ ತೊಡೆ ಮೇಲಿದ್ದ ಪಾಪು ಕೈಕಾಲು ಬಡಿದು ನಕ್ಕಿತು. "ದಿನದ ಸುಸ್ತೆಲ್ಲ ಇಲ್ಲೇ ಇಳಿಯುತ್ತೆ ಕಣ್ರೋ" ಅಂದ್ರು ಅಕ್ಕ.

ಆದರೆ ಆ ನಗುವಿಗೆ ಸಂಜೆವರೆಗೆ ಕಾಯಲೇಬೇಕಾ? ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಕೊಟ್ಟಿತು. 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಮಗುವನ್ನು ನೋಡಿಬರಬಹುದು ಎಂದಿತು.

ಪ್ಲೇಸ್‌ಮೆಂಟ್‌ಗೆ ಕಂಪನಿ ಬಂದಾಗ ನಾವು ಕೇಳೋದು ಪ್ಯಾಕೇಜ್ ಮಾತ್ರ. ಇನ್ಮೇಲೆ ಮಗು ಬಿಡೋಕೆ ಜಾಗ ಇದೆಯಾ ಅಂತಲೂ ಕೇಳೋಣ. ಹುಡುಗರೂ ಕೇಳಬೇಕು, ನಾಳೆ ಅಪ್ಪ ಆಗೋರೂ ನಮ್ಮಲ್ಲೇ ಇದ್ದಾರೆ.