ನಿಮ್ಮ ಆರಾಮ ಯಾರ ಹೆಗಲ ಮೇಲೆ?

ಬೆಂಗಳೂರಿನ ಯಾವುದೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗುರುವಾರ ರಾತ್ರಿ ಒಬ್ಬರು ಬರೆಯುತ್ತಾರೆ: ಶನಿವಾರ ಸೈಕಲ್‌ನಲ್ಲಿ ಮೇಲುಕೋಟೆ, ಭಾನುವಾರ ವಾಪಸ್, ಯಾರ್ಯಾರು ಬರ್ತೀರಿ? ಹತ್ತು ನಿಮಿಷದಲ್ಲಿ ಹನ್ನೆರಡು ಹೆಬ್ಬೆರಳು. ಯಾವ ದಾರಿ ಎಂದು ಯಾರಾದರೂ ಕೇಳಿದರೆ ‘ಮ್ಯಾಪ್ ಇದೆಯಲ್ಲ’. ಎಲ್ಲಿ ಉಳಿಯೋದು? ‘ಹೋಗಿ ನೋಡ್ಕೊಳ್ಳೋಣ’. ಪಂಕ್ಚರ್ ಆದರೆ? ‘ಯಾರಾದ್ರೂ ಕಿಟ್ ತಂದಿರ್ತಾರೆ ಬಿಡಿ’. ಇನ್ನೊಂದು ಪ್ರಶ್ನೆ ಕೇಳಿದವರಿಗೆ ಬೈಗುಳವೇ ಗತಿ: ‘ಇದೇನು ರೇಸಾ ಸಾರ್? ಆರಾಮಾಗಿ ಹೋಗೋದು, ಯಾಕಿಷ್ಟು ತಲೆ ಕೆಡಿಸ್ಕೊಳ್ತೀರ?’

ರೇಸಲ್ಲ, ನಿಜ. ರೇಸಿಗೆ ಹೋಗುವವನು ತಿಂಗಳುಗಟ್ಟಲೆ ತುಳಿದಿರುತ್ತಾನೆ, ಟ್ಯೂಬು ಬದಲಿಸುವುದು ಕಲಿತಿರುತ್ತಾನೆ, ತನ್ನ ದೇಹ ಎಲ್ಲಿ ಕೈಕೊಡುತ್ತದೆಂದು ಅವನಿಗೆ ಗೊತ್ತು. ಆರಾಮದ ಸವಾರಿಗೆ ಬರುವವರು ಯಾರು? ಆಫೀಸಿನ ಪಕ್ಕದ ಸೀಟಿನವರು, ಬಾಡಿಗೆ ಸೈಕಲ್ ತಂದವರು, ಮಂಡಿನೋವನ್ನು ಯಾರಿಗೂ ಹೇಳದವರು, ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟದವರು. ಅವರಿಗಾಗಿ ಮಾಡುವ ಯೋಜನೆ ರೇಸಿನ ಯೋಜನೆಗಿಂತ ಬಿಗಿಯಾಗಿರಬೇಕು. ನೀವು ಮಾಡುತ್ತಿರುವುದು ತಿರುಗುಮುರುಗು. ಗುಂಪಿನ ಮೂವರು ಗಟ್ಟಿಗರು ಯೋಚಿಸದೆ ಉಳಿಸಿಕೊಂಡ ಶ್ರಮವನ್ನೆಲ್ಲ ಉಳಿದ ಒಂಬತ್ತು ಮಂದಿ ಬಿಸಿಲಲ್ಲಿ ತೀರಿಸುತ್ತಾರೆ.

ದಾರಿಯ ವಿಷಯವನ್ನೇ ತೆಗೆದುಕೊಳ್ಳಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಇಷ್ಟಾದ ಮೇಲೂ ‘ಮೈಸೂರು ರೋಡ್ ಸ್ಟ್ರೈಟು’ ಎಂದು ಬರೆದು ಮಲಗುವವರಿದ್ದಾರೆ. ಬಿಡದಿ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಊರೊಳಗಿನ ಹಳೇ ರಸ್ತೆ ಇನ್ನೂ ಇದೆ, ಅಲ್ಲಿ ಇಡ್ಲಿಯೂ ಚೆನ್ನಾಗಿ ಸಿಗುತ್ತದೆ. ಆದರೆ ಹೊಸಬರನ್ನು ಕಟ್ಟಿಕೊಂಡು ಶ್ರೀರಂಗಪಟ್ಟಣದವರೆಗೆ ಸುಮಾರು 125 ಕಿಲೋಮೀಟರ್ ತುಳಿಸಿ, ಅಲ್ಲಿಂದ ಮತ್ತೆ 35 ಕಿಲೋಮೀಟರ್ ಮೇಲುಕೋಟೆಗೆ ಹತ್ತಿಸುವುದಕ್ಕೆ ಆರಾಮ ಅನ್ನಲು ನಿಮಗೆ ಬಾಯಾದರೂ ಹೇಗೆ ಬರುತ್ತದೆ? ಸೈಕಲ್ಲುಗಳನ್ನು ಶ್ರೀರಂಗಪಟ್ಟಣದವರೆಗೆ ಗಾಡಿಯಲ್ಲಿ ಹಾಕಿಕೊಂಡು ಬನ್ನಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ರೈಲಿನಲ್ಲಿ ತರುವುದಾದರೆ ನಿಲ್ದಾಣದ ಪಾರ್ಸೆಲ್ ಕಚೇರಿಗೆ ಮೊದಲೇ ಹೋಗಿ ಕೇಳಿ. ರೈಲು ಹೊರಡುವ ಹೊತ್ತಿಗೆ ಹ್ಯಾಂಡಲ್ ಹಿಡಿದುಕೊಂಡು ಪ್ಲಾಟ್‌ಫಾರಂನಲ್ಲಿ ಓಡಿದರೆ ಗಾರ್ಡ್ ನಿಮಗಾಗಿ ಕಾಯುವುದಿಲ್ಲ.

ಈಗ ನಿಧಾನದವರ ಪಾಡು ನೋಡಿ. ಎಲ್ಲ ಗುಂಪಿನಲ್ಲೂ ನಡೆಯುವ ಕ್ರೌರ್ಯ ಇದು, ಯಾರಿಗೂ ಕ್ರೌರ್ಯವೆಂದು ತೋರುವುದೇ ಇಲ್ಲ. ಮುಂದಿನವರು ಸರ್‍ರನೆ ಹೋಗಿ ಟೀ ಅಂಗಡಿಯಲ್ಲಿ ಕೂರುತ್ತಾರೆ, ಎರಡೆರಡು ಟೀ ಕುಡಿಯುತ್ತಾರೆ, ಫೋಟೊ ತೆಗೆಯುತ್ತಾರೆ. ಇಪ್ಪತ್ತು ನಿಮಿಷದ ಮೇಲೆ ಕೊನೆಯವಳು ಏದುಸಿರು ಬಿಡುತ್ತ ಬಂದು ಕಾಲು ನೆಲಕ್ಕೂರುತ್ತಾಳೆ. ‘ಬಂದ್ರಲ್ಲ, ಸರಿ, ಹೊರಡೋಣ’. ಎಲ್ಲರಿಗಿಂತ ಹೆಚ್ಚು ವಿಶ್ರಾಂತಿ ಬೇಕಾದವಳಿಗೆ ಒಂದು ಲೋಟ ನೀರು ಕುಡಿಯುವಷ್ಟೂ ಹೊತ್ತಿಲ್ಲ. ಹೀಗೆ ಮೂರು ನಿಲುಗಡೆ ಕಳೆದರೆ ಅವಳು ಸೈಕಲ್ಲನ್ನೇ ದ್ವೇಷಿಸತೊಡಗುತ್ತಾಳೆ. ನೀವೋ, ‘ಪ್ರಾಕ್ಟೀಸ್ ಇಲ್ಲ ಪಾಪ’ ಎಂದು ಅನುಕಂಪ ತೋರುತ್ತೀರಿ. ಕೊನೆಯವರು ಬಂದ ಮೇಲೆಯೇ ವಿಶ್ರಾಂತಿಯ ಗಡಿಯಾರ ಶುರುವಾಗಬೇಕು. ಗುಂಪಿನ ಬಲವಾದ ಒಬ್ಬರು, ಹೆಸರು ಹಿಡಿದು ಒಪ್ಪಿಸಿದ ಒಬ್ಬರು, ಕೊನೆಯವರ ಹಿಂದೆಯೇ ಬರಬೇಕು. ಗಟ್ಟಿಗನಿಗೆ ಅಷ್ಟು ನಿಧಾನ ಸಹಿಸದಿದ್ದರೆ ಅವನು ಒಬ್ಬನೇ ಹೋಗಲಿ, ಯಾರು ಬೇಡ ಅಂದರು?

ಹೆಣ್ಣುಮಕ್ಕಳು ಬರುವ ಸವಾರಿಯ ಯೋಜನೆಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ಎಂದು ಗಂಡಸರು ಬರೆದದ್ದನ್ನು ನಾನಂತೂ ಕಂಡಿಲ್ಲ. ಹೆಣ್ಣುಮಕ್ಕಳು ಕೇಳಲು ಸಂಕೋಚಪಟ್ಟು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಹನ್ನೊಂದರ ಬಿಸಿಲಿಗೆ ತಲೆ ಸುತ್ತುತ್ತದೆ. ಅದಕ್ಕೆ ನಿಮ್ಮ ತೀರ್ಪು, ‘ಸ್ಟ್ಯಾಮಿನಾ ಸಾಲದು’. ಮಾನ ಇದ್ದವರು ಹಿಂದಿನ ದಿನವೇ ಪೆಟ್ರೋಲ್ ಬಂಕು, ಹೋಟೆಲುಗಳಿಗೆ ಫೋನು ಮಾಡಿ ವಿಚಾರಿಸಿಕೊಳ್ಳುತ್ತಾರೆ.

ಹಳ್ಳಿ ರಸ್ತೆ ಖಾಲಿ, ಹಳ್ಳಿ ರಸ್ತೆ ಸುರಕ್ಷಿತ ಎಂಬ ಇನ್ನೊಂದು ಭ್ರಮೆ ಇದೆ. ಮಂಡ್ಯ ಸೀಮೆಯ ರಸ್ತೆ ನಿಮ್ಮ ವಿಹಾರಕ್ಕೆ ಹಾಸಿದ್ದಲ್ಲ, ಅಲ್ಲಿ ಜನ ಕೆಲಸ ಮಾಡುತ್ತಿರುತ್ತಾರೆ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರಿನ ಟ್ರೈಲರ್ ಎರಡೂ ಕಡೆ ಜಲ್ಲೆ ಚಾಚಿಕೊಂಡು ಬರುತ್ತದೆ, ಎಷ್ಟೋ ಟ್ರೈಲರುಗಳಿಗೆ ಹಿಂದಿನ ದೀಪವೂ ಇರುವುದಿಲ್ಲ. ನಿಮ್ಮ ಸೈಕಲ್ಲಿಗೂ ಇಲ್ಲ! ನಸುಕಿನ ಐದು ಗಂಟೆಗೆ ಇಬ್ಬರು ದೀಪವಿಲ್ಲದವರು ಎದುರುಬದುರಾಗುವುದನ್ನು ಸಾಹಸ ಎಂದು ಕರೆಯಬೇಡಿ. ಡಿಸೆಂಬರ್, ಜನವರಿಯಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುತ್ತಾರೆ. ಕಣ ಮಾಡುವವರು ಕಡಿಮೆಯಾದರು, ಓಡಾಡುವ ಲಾರಿ, ಬಸ್ಸಿನ ಚಕ್ರವೇ ರೋಣಗಲ್ಲು. ಅದು ತಪ್ಪು ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ, ಇರಲಿ. ಆದರೆ ಆ ಹುಲ್ಲಿನ ಮೇಲೆ ವೇಗವಾಗಿ ಹೋಗಿ ಬ್ರೇಕ್ ಹಿಡಿದರೆ ಸಣ್ಣ ಟೈರು ಜಾರಿ ಬೀಳುವುದು ನೀವೇ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಡಿರೇಲರ್ ಬಾಗಿ ಕಡ್ಡಿಗೆ ಸಿಕ್ಕುತ್ತದೆ, ಆ ದಿನದ ಸವಾರಿ ಅಲ್ಲಿಗೇ ಮುಗಿಯುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಬೇರೆಯವರ ಧಾನ್ಯ ತುಳಿಯದೆ ಹೋಗುವುದು ಮರ್ಯಾದೆ ಕೂಡ.

ಇನ್ನು ನಾಲೆ. ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆಯ ಪಕ್ಕದ ದಾರಿಗಳು ತಂಪು, ಸಮತಟ್ಟು, ಫೋಟೊಗೆ ಹೇಳಿ ಮಾಡಿಸಿದಂಥವು. ಅಲ್ಲೇ ಇಬ್ಬಿಬ್ಬರು ಜೋಡಿಯಾಗಿ, ಒಂದು ಕೈಯಲ್ಲಿ ಮೊಬೈಲು ಹಿಡಿದು, ಹಿಂದೆ ನೋಡಿ ಮಾತಾಡುತ್ತ ಹೋಗುತ್ತೀರಿ. 2018ರ ನವೆಂಬರ್ 24ರಂದು ಇದೇ ತಾಲ್ಲೂಕಿನ ಕನಗನಮರಡಿ ಬಳಿ ಹಾಡಹಗಲೇ ಖಾಸಗಿ ಬಸ್ಸೊಂದು ಈ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು, ಅವರಲ್ಲಿ ಶಾಲೆ ಮಕ್ಕಳೂ ಇದ್ದರು. ಬಸ್ಸನ್ನೇ ತಡೆಯದ ನಾಲೆಯ ಅಂಚು ಸೈಕಲ್ಲನ್ನು ತಡೆದೀತೇ? ಅಲ್ಲಿ ಒಬ್ಬರ ಹಿಂದೆ ಒಬ್ಬರು, ಬಾಯಿ ಮುಚ್ಚಿಕೊಂಡು ಹೋಗಬೇಕು.

ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ ಕಾನೂನು ನಮ್ಮಲ್ಲಿಲ್ಲ. ಅದನ್ನೇ ನೆಪ ಮಾಡಿಕೊಳ್ಳುವವರೊಡನೆ ವಾದ ಮಾಡುವಷ್ಟು ತಾಳ್ಮೆ ನನಗಿಲ್ಲ. ಹೆಲ್ಮೆಟ್ ಇಲ್ಲದವರನ್ನು ಮನೆಗೆ ಕಳಿಸಿ.

‘ಯಾರಾದ್ರೂ ಕಿಟ್ ತಂದಿರ್ತಾರೆ’ ಅಂದಿರಲ್ಲ. ತಂದ ಕಿಟ್ ನಿಮಗೆ ಹೊಂದುತ್ತದೆಯೇ? ಒಬ್ಬರದು 700ಸಿ ಚಕ್ರ, ಇನ್ನೊಬ್ಬರದು 27.5, ಬಾಡಿಗೆಯದು 26 ಇಂಚು. ಒಂದರ ಟ್ಯೂಬು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ನಿಮ್ಮ ದುಬಾರಿ ಸೈಕಲ್ಲಿನ ಸಪೂರ ಪ್ರೆಸ್ಟಾ ವಾಲ್ವ್‌ಗೆ ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಕಚ್ಚುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿದ್ದರೆ ಮುಗಿಯುವ ಕೆಲಸಕ್ಕೆ ಹನ್ನೆರಡು ಜನ ಬೇವಿನ ಮರದ ಕೆಳಗೆ ಒಂದೂವರೆ ಗಂಟೆ ಕೂತಿರುತ್ತಾರೆ. ಪ್ರತಿಯೊಬ್ಬರೂ ತಮ್ಮ ಅಳತೆಯ ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಲಿವರ್ ತರಲಿ. ಬಾಡಿಗೆ ಸೈಕಲ್ಲಿನ ಬ್ರೇಕು, ಸೀಟಿನ ಎತ್ತರ ಶುಕ್ರವಾರವೇ ನೋಡಿಕೊಳ್ಳಲಿ. ಮೇಲುಕೋಟೆಯಿಂದ ಇಳಿಯುವಾಗ ಬ್ರೇಕ್ ಪರೀಕ್ಷೆ ಮಾಡುವುದು ತಡವಾಯಿತು.

ಮೇಲುಕೋಟೆಯ ದಾರಿಯಲ್ಲಿ ಜಕ್ಕನಹಳ್ಳಿ ದಾಟಿದ ಮೇಲೆ ಏರು. ಆ ಏರು ಬೆಳಿಗ್ಗೆ ಎಂಟಕ್ಕೆ ಒಂದು ರೀತಿ, ಮಧ್ಯಾಹ್ನ ಹನ್ನೆರಡಕ್ಕೆ ಇನ್ನೊಂದು. ಆರಕ್ಕೆ ಹೊರಡುತ್ತೇವೆಂದು ಹೇಳಿ ಎಂಟೂವರೆಗೆ ಪೆಡಲ್ ತುಳಿಯುವವರು ಹನ್ನೆರಡರ ಏರನ್ನೇ ಆರಿಸಿಕೊಂಡಿದ್ದಾರೆ, ಆಮೇಲೆ ಬಿಸಿಲನ್ನು ಬೈಯುತ್ತಾರೆ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಬರೀ ನೀರು ಸುರಿದುಕೊಂಡರೆ ಸಾಲದು. ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಎಳನೀರಿಗೆ ಬರವಿರುವ ಸೀಮೆಯಲ್ಲ ಅದು.

ಮೇಲೆ ಹೋಗಿ ರೂಮು ಹುಡುಕುವವರದು ಬೇರೆ ಕಥೆ. ಮಾರ್ಚ್–ಏಪ್ರಿಲ್ ಹೊತ್ತಿಗೆ ವೈರಮುಡಿ ಉತ್ಸವ ಬರುತ್ತದೆ. ಆ ರಾತ್ರಿ ಚೆಲುವನಾರಾಯಣನನ್ನು ನೋಡಲು ಲಕ್ಷಗಟ್ಟಲೆ ಜನ ಸೇರುತ್ತಾರೆ, ಆ ಚಿಕ್ಕ ಊರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕ್ಯಾಲೆಂಡರ್ ತಿರುವಿ ನೋಡದೆ ಅದೇ ವಾರಾಂತ್ಯ ಬಂದು ‘ಏನ್ ರಶ್ ಗುರೂ’ ಎಂದು ಮುಖ ಸಿಂಡರಿಸುವವರನ್ನು ಏನೆನ್ನಬೇಕು? ಭಕ್ತರು ನಿಮ್ಮ ಪ್ರವಾಸಕ್ಕೆ ಅಡ್ಡ ಬಂದದ್ದಲ್ಲ. ಮಾಮೂಲಿ ದಿನಗಳಲ್ಲೂ ಕಲ್ಯಾಣಿಯ ಮೆಟ್ಟಿಲ ಮೇಲೆ ಬ್ಲೂಟೂತ್ ಸ್ಪೀಕರ್ ಇಟ್ಟು ಕುಣಿಯುವುದು, ಎನರ್ಜಿ ಜೆಲ್ಲಿನ ಜಿಗುಟು ಪೊಟ್ಟಣವನ್ನು ಬೇಲಿಗೆ ಎಸೆಯುವುದು, ಆಮೇಲೆ ಪರಿಸರಪ್ರೇಮಿ ಎಂದು ಬರೆದ ಟೀ ಶರ್ಟಿನಲ್ಲಿ ಫೋಟೊಗೆ ನಿಲ್ಲುವುದು! ಹೊಗೆ ಬಿಡದ ಗಾಡಿ ತುಳಿದ ಮಾತ್ರಕ್ಕೆ ಕಸ ಚೆಲ್ಲುವ ಪರವಾನಗಿ ಸಿಗುವುದಿಲ್ಲ.

ಊಟದ ಮಾತೂ ಅಷ್ಟೇ. ಮಧ್ಯಾಹ್ನ ಮೂರೂವರೆಗೆ, ಪುಳಿಯೋಗರೆಯ ಪಾತ್ರೆ ತಳ ಕಂಡ ಮೇಲೆ, ಹನ್ನೆರಡು ಜನ ಸಣ್ಣ ಹೋಟೆಲಿಗೆ ನುಗ್ಗಿ ‘ಏನಾದ್ರೂ ಮಾಡ್ಕೊಡಿ ಅಮ್ಮಾ’ ಎನ್ನುತ್ತೀರಿ. ಬೆಳಗಿನ ಜಾವದಿಂದ ನಿಂತಿದ್ದ ಆ ಹೆಂಗಸು ಮತ್ತೆ ಒಲೆ ಹಚ್ಚುತ್ತಾರೆ. ಅದನ್ನು ನೀವು ಹಳ್ಳಿಯವರ ಒಳ್ಳೆಯತನ ಎಂದು ಇನ್‌ಸ್ಟಾಗ್ರಾಂನಲ್ಲಿ ಹೊಗಳುತ್ತೀರಿ. ಹೊಗಳಿಕೆ ಅವರಿಗೆ ಬೇಡ. ಹಿಂದಿನ ದಿನ ಫೋನು ಮಾಡಿ, ಎಷ್ಟು ಜನ, ಎಷ್ಟು ಗಂಟೆಗೆ ಎಂದು ಹೇಳಿ, ಮುಂಗಡ ಕಳಿಸಿ. ಕೊನೇ ಗಳಿಗೆಯಲ್ಲಿ ಕೈಕೊಟ್ಟವರ ಎಲೆಯ ದುಡ್ಡನ್ನೂ ಸೇರಿಸಿ ಕೊಟ್ಟು ಏಳಿ.